ಒಳ್ಳೆ ಕಾಯಿಯಲ್ಲಿ ಒಂದು ಚೀಲ ಮನೆಗೂ ಇರಲಿ

ಪೀನಟ್ ಬಟರ್ ಈಗ ಬರೀ ಜಿಮ್‌ಗೆ ಹೋಗುವವರ ತಿಂಡಿಯಲ್ಲ. ಬ್ರೆಡ್ಡಿಗೆ, ಚಪಾತಿಗೆ ಹಚ್ಚಿಕೊಂಡು ತಿನ್ನೋ ಮಕ್ಕಳು ತಾಲ್ಲೂಕು ಪೇಟೆಗಳಲ್ಲೂ ಇದ್ದಾರೆ. ಹೆಸರಿನಲ್ಲಿ ಬೆಣ್ಣೆ ಇದೆ ಅಂದ ಮಾತ್ರಕ್ಕೆ ಅದರಲ್ಲಿ ಹಾಲಿನ ಬೆಣ್ಣೆ ಇರಲ್ಲ. ಹುರಿದ ಶೇಂಗಾ ಬೀಜವನ್ನು ನುಣ್ಣಗೆ ಅರೆದದ್ದು, ಅಷ್ಟೇ. ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದೇನು ಹೊಸ ವಿದ್ಯೆಯಲ್ಲ.

ಒಂದು ಲೆಕ್ಕ ನೋಡೋಣ. 2025-26ರಲ್ಲಿ ಶೇಂಗಾ ಕಾಯಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಒಂದು ಕ್ವಿಂಟಾಲ್ ಕಾಯಿ ಸುಲಿದರೆ ಸುಮಾರು 65ರಿಂದ 70 ಕೆಜಿ ಬೀಜ ಸಿಗುತ್ತೆ. ಅಂದರೆ ಕೆಜಿ ಬೀಜಕ್ಕೆ ಬಿದ್ದದ್ದು 104ರಿಂದ 112 ರೂಪಾಯಿ. ಅಂಗಡಿಯಲ್ಲಿರೋ ಡಬ್ಬಿ ತಿರುಗಿಸಿ ಬೆಲೆ ಓದಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಆದರೆ ನನ್ನ ಚಿಂತೆ ದುಡ್ಡಿನದ್ದಲ್ಲ. ಚಳ್ಳಕೆರೆ, ಪಾವಗಡದಂಥ ಕಡೆ ಶೇಂಗಾ ಬೆಳೆಯುವ ಎಷ್ಟೋ ಮನೆಗಳಲ್ಲಿ ದಪ್ಪ ಕಾಯಿ ಮಾರುಕಟ್ಟೆಗೆ ಹೋಗುತ್ತೆ. ಸುಕ್ಕಿದ್ದು, ಒಡೆದದ್ದು, ಬಣ್ಣ ಕೆಟ್ಟದ್ದು ಅಡುಗೆಮನೆಗೆ ಉಳಿಯುತ್ತೆ. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೆಚ್ಚಾಗಿ ಇರೋದು ಇಂಥ ಬೀಜದಲ್ಲೇ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹುರಿದರೂ ಪೂರ್ತಿ ಹೋಗಲ್ಲ. ಅರೆದ ಮೇಲಂತೂ ಯಾವ ಬೀಜ ಕೆಟ್ಟಿತ್ತು ಅಂತ ಕಣ್ಣಿಗೆ ಕಾಣಲ್ಲ.

ಹಾಗಾಗಿ ಕೆಲಸ ಹೊಲದಿಂದಲೇ ಶುರುವಾಗಬೇಕು. ಗಿಡ ಕಿತ್ತ ಮೇಲೆ ಕಾಯಿ ಮೇಲ್ಮುಖವಾಗಿ ಬರುವಂತೆ ಮಗುಚಿ ಒಣಗಿಸಿ. ಕಾಯಿ ಅಲುಗಿಸಿದರೆ ಬೀಜ ಗಲಗಲ ಅನ್ನಬೇಕು. ಬೀಜದ ತೇವಾಂಶ ಶೇ. 8ಕ್ಕಿಂತ ಹೆಚ್ಚಿರಬಾರದು. ಯಂತ್ರದಲ್ಲಿ ಬೀಜ ಒಡೀಬಾರದು ಅಂತ ಕಾಯಿಗೆ ನೀರು ಚಿಮುಕಿಸೋ ಅಭ್ಯಾಸ ಬಿಡಿ. ಮನೆಗೆ ಇಟ್ಟುಕೊಳ್ಳುವ ಬೀಜವನ್ನು ಒಂದೊಂದಾಗಿ ಆರಿಸಿ. ಅನುಮಾನ ಬಂದದ್ದನ್ನು ದನಕ್ಕೂ ಹಾಕಬೇಡಿ, ವಿಷ ಹಾಲಿಗೂ ಬರುತ್ತೆ.

ಮಾಡೋದು ಸುಲಭ. ಬೀಜವನ್ನು ಸಣ್ಣ ಉರಿಯಲ್ಲಿ ಒಂದೇ ಹದಕ್ಕೆ ಹುರಿದು, ಸಿಪ್ಪೆ ಉಜ್ಜಿ ಕೇರಿ, ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ತನ್ನದೇ ಎಣ್ಣೆ ಬಿಟ್ಟು ಸಡಿಲವಾಗುತ್ತೆ. ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ, ಬೇರೆ ಎಣ್ಣೆ ಬೇಡ. ನೀರು ಮಾತ್ರ ಒಂದು ಹನಿಯೂ ತಾಗಬಾರದು. ಚಿಟಿಕೆ ಉಪ್ಪು, ಬೇಕಿದ್ದರೆ ಬೆಲ್ಲದ ಪುಡಿ. ಮೇಲೆ ಎಣ್ಣೆ ತೇಲಿದರೆ ಕೆಟ್ಟಿದೆ ಅಂತಲ್ಲ, ಕಲಸಿದರೆ ಸರಿ. ಶೇಂಗಾ ಅಲರ್ಜಿ ಇರುವವರು ಮುಟ್ಟಬಾರದು.

ಮುಂದೆ ಸಂಘ ಕಟ್ಟಿ ಮಾರುವ ಯೋಚನೆ ಇದ್ದರೆ ಗಿರ್ನಾರ್-4, ಗಿರ್ನಾರ್-5 ತಳಿಗಳನ್ನು ವಿಚಾರಿಸಿ. ಇವುಗಳ ಎಣ್ಣೆಯಲ್ಲಿ ಓಲಿಕ್ ಆಮ್ಲ ಸುಮಾರು ಶೇ. 80 ಇರುವುದರಿಂದ ಬೇಗ ಕಮಟು ಹಿಡಿಯಲ್ಲ. ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು, ಅಫ್ಲಾಟಾಕ್ಸಿನ್ ಪರೀಕ್ಷೆಯನ್ನೂ ಮಾಡಿಸಬೇಕು.

ಅದೆಲ್ಲ ಆಮೇಲಿನ ಮಾತು. ಈ ಸಲ ಕಾಯಿ ಮಾರುವ ಮುಂಚೆ ಚೆನ್ನಾಗಿ ಒಣಗಿದ ದಪ್ಪ ಕಾಯಿಯ ಒಂದು ಚೀಲ ಪಕ್ಕಕ್ಕೆ ಎತ್ತಿಡಿ. ಪೇಟೆ ಮಕ್ಕಳು ದುಡ್ಡು ಕೊಟ್ಟು ತಿನ್ನೋದನ್ನ, ಬೆಳೆದವರ ಮಕ್ಕಳು ರೊಟ್ಟಿಗೆ ಹಚ್ಚಿಕೊಂಡು ತಿನ್ನಲಿ.