ಮುತ್ಯಾಲಮಡುವಿನಲ್ಲಿ ನೀರು ಹರಿದಿದ್ದು ನಿಮ್ಮ ಪುರವಣಿಯಲ್ಲಿ ಮಾತ್ರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಬೇಸಿಗೆ ಪ್ರವಾಸದ ಪುರವಣಿ ಕುರಿತು ಈ ಪತ್ರ. ಯಾವ ಪುಟ ಎಂದು ನಾನು ಹೇಳಬೇಕಿಲ್ಲ. ಆ ಪುಟಕ್ಕೆ ಎಷ್ಟು ಬೆಲೆ ಕಟ್ಟಿದ್ದಿರಿ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆನೇಕಲ್ಲಿನ ಮುತ್ಯಾಲಮಡುವಿನಲ್ಲಿ ವರ್ಷವಿಡೀ ಭೋರ್ಗರೆಯುವ ಜಲಪಾತವಿದೆ ಎಂದು ಅಲ್ಲಿ ಅಚ್ಚಾಗಿದೆ. ವರ್ಷವಿಡೀ! ಮಳೆಗಾಲ, ಅದರ ಬೆನ್ನಿಗೆ ಒಂದಿಷ್ಟು ದಿನ ಬಿಟ್ಟರೆ ಅಲ್ಲಿ ನೀರಿರುವುದಿಲ್ಲ ಎಂಬುದು ಈ ತಾಲ್ಲೂಕಿನಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ನನ್ನ ತಂಗಿಯ ಮಗ ಹಾಸನದಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಬೇಡವೆಂದು ನಾನು ಹೇಳಿದರೂ ಕೇಳಲಿಲ್ಲ. “ಪೇಪರಿನಲ್ಲೇ ಬಂದಿದೆಯಲ್ಲ ಮಾವ” ಎಂದು ನನ್ನನ್ನೂ ಹೊರಡಿಸಿದ. ಮೆಟ್ಟಿಲಿಳಿದು ನೋಡಿದರೆ ಕಾದ ಬಂಡೆ, ಅದರ ಸಂದಿಯಲ್ಲಿ ಪ್ಲಾಸ್ಟಿಕ್ ಲೋಟ, ಚಿಪ್ಸ್ ಪೊಟ್ಟಣ. ಅಲ್ಲಿಯವರೆಗೆ ಪೇಪರಿನವರು ಸುಳ್ಳು ಬರೆಯುವುದಿಲ್ಲ ಎಂದು ಅವನು ನನಗೇ ಪಾಠ ಹೇಳುತ್ತಿದ್ದ. ಆಮೇಲೆ ಮಾತಾಡಲಿಲ್ಲ.

ಮನೆಗೆ ಬಂದು ಪುಟವನ್ನು ಮತ್ತೆ ಬಿಡಿಸಿದೆ. ಮೇಲಿನ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿತ್ತು. ಉಳಿದಂತೆ ಎಲ್ಲವೂ ನಿಮ್ಮ ಸುದ್ದಿಪುಟದಂತೆಯೇ: ಅದೇ ಅಚ್ಚು, ಅದೇ ಅಂಕಣ, ಕೆಳಗೆ ‘ವಿಶೇಷ ಪ್ರತಿನಿಧಿ’ ಎಂಬ ಸಹಿ. ಯಾರು ಸ್ವಾಮಿ ಈ ವಿಶೇಷ ಪ್ರತಿನಿಧಿ? ಮುತ್ಯಾಲಮಡುವಿನ ಮೆಟ್ಟಿಲಿಳಿದವರೇ, ಅಥವಾ ಅದೇ ಪುಟದಲ್ಲಿ ಅರ್ಧ ಜಾಗ ಹಿಡಿದು ಕೂತಿರುವ ರೆಸಾರ್ಟಿನಲ್ಲಿ ಉಂಡು ಎದ್ದುಬಂದವರೇ? ಜಾಹೀರಾತು ಸುದ್ದಿಗಿಂತ ಬೇರೆಯೆಂದು ಓದುಗನಿಗೆ ಸ್ಪಷ್ಟವಾಗಿ ಕಾಣಬೇಕು ಎನ್ನುವುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮ. ಅದನ್ನು ನಾನು ನಿಮಗೆ ನೆನಪಿಸಬೇಕಾಗಿ ಬಂದದ್ದು ವಿಚಿತ್ರ. ದುಡ್ಡು ಪಡೆದು ಹೊಗಳಿದರೆ ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರೀಲ್ಸ್ ಮಾಡುವ ಹುಡುಗ ಹುಡುಗಿಯರಿಗೂ ತಾಕೀತು ಮಾಡಿದೆ. ಆ ಮಕ್ಕಳಿಗಿರುವ ಕಟ್ಟುಪಾಡು ದಶಕಗಳಷ್ಟು ಹಳೆಯ ಪತ್ರಿಕೆಗೆ ಇಲ್ಲವೇ?

ಇದು ನಿಮ್ಮೊಬ್ಬರ ರೋಗವಲ್ಲ, ಒಪ್ಪುತ್ತೇನೆ. ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಘೋಷಣೆ ಹೊತ್ತ ನಮ್ಮ ಪ್ರವಾಸೋದ್ಯಮ ಇಲಾಖೆಗೂ ಹೊಗಳಿಕೆ ಬರೆಸುವುದೇ ಕೆಲಸ. 2019ರಲ್ಲಿ ಒಮ್ಮೆ, 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಪ್ರವಾಸ ಮೇಳ ನಡೆಸಿದರು. ದೇಶವಿದೇಶಗಳ ಟೂರ್ ಏಜೆಂಟರನ್ನು ಕರೆಸಿ, ಹೋಟೆಲಿನವರ ಎದುರು ಕೂರಿಸಿ ವ್ಯಾಪಾರ ಕುದುರಿಸುವುದು, ಬರೆಯುವವರನ್ನು, ಕ್ಯಾಮೆರಾ ಹಿಡಿದವರನ್ನು ಪುಕ್ಕಟೆ ಸುತ್ತಾಡಿಸುವುದು. ಇದಕ್ಕೆ ‘ಸಹಭಾಗಿತ್ವ’ ಎಂಬ ಚೆಂದದ ಹೆಸರು. ಸರಿ, ಪ್ರಚಾರ ಸಿಕ್ಕಿದ ಮೇಲೆ ಏನಾಯಿತು? 2019ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಆ ವರ್ಷ ನೋಡಲೇಬೇಕಾದ 52 ತಾಣಗಳ ಪಟ್ಟಿಯಲ್ಲಿ ಹಂಪಿಯನ್ನು ಎರಡನೆಯದಾಗಿ ಇಟ್ಟಿತು. ದುಡ್ಡು ಕೊಟ್ಟರೂ ಸಿಗದ ಪ್ರಚಾರ ಅದು. ಇಲಾಖೆ ಬೀಗಿತು, ನೀವೂ ಮುಖಪುಟದಲ್ಲಿ ಹಾಕಿ ಬೀಗಿದಿರಿ. ಫೆಬ್ರವರಿಯಲ್ಲಿ ಅದೇ ಹಂಪಿಯ ಕಲ್ಲುಕಂಬವನ್ನು ಪಡ್ಡೆ ಹುಡುಗರು ತಳ್ಳಿ ಬೀಳಿಸುವ ವಿಡಿಯೊ ಊರೆಲ್ಲ ಹರಿದಾಡಿತು. ಕೋರ್ಟು ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿಸಿ ನಿಲ್ಲಿಸಿದ್ದೂ ಆಯಿತು. ವಿಶ್ವಪರಂಪರೆಯ ಪಟ್ಟಿಗೆ ಸೇರಿ ಅದಾಗಲೇ ಮೂವತ್ತು ವರ್ಷ ದಾಟಿದ್ದ ಜಾಗದಲ್ಲಿ ಕಂಬಕ್ಕೊಬ್ಬ ಕಾವಲುಗಾರನಿಲ್ಲ, ಪ್ರಚಾರಕ್ಕೆ ಮಾತ್ರ ಕೊರತೆಯಿಲ್ಲ!

ಪ್ರಚಾರವೇ ಬೇಡ ಎನ್ನುವ ಮಡಿವಂತ ನಾನಲ್ಲ. 2020ರಲ್ಲಿ ಬಂದ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರವನ್ನು ಥಿಯೇಟರಿಗೆ ಹೋಗಿ ನೋಡಿ ಹೆಮ್ಮೆಪಟ್ಟವನು. ಡೇವಿಡ್ ಅಟೆನ್‌ಬರೋ ಅವರ ದನಿ ಇತ್ತು ಎಂಬುದಷ್ಟೇ ಕಾರಣವಲ್ಲ. ಅಮೋಘವರ್ಷ, ಕಲ್ಯಾಣ್ ವರ್ಮ ಮತ್ತು ಅವರ ತಂಡ ಕಾಡಿನಲ್ಲಿ ಕಾದು ಕೂತು ಚಿತ್ರಿಸಿದ್ದರು. ಇಲ್ಲದ ಹುಲಿಯನ್ನು ತಂದು ನಿಲ್ಲಿಸಿರಲಿಲ್ಲ. ನೀವು ಇಲ್ಲದ ನೀರನ್ನು ಹರಿಸಿದಿರಿ.

ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಅದೇ ಪುಟದಲ್ಲಿ ‘ಇಲ್ಲಿಗೆ ತಲುಪುವುದು ಹೇಗೆ’ ಎಂಬ ಚೌಕದೊಳಗೆ ನಮ್ಮೂರಿನ ಮೆಟ್ರೊ ನಿಲ್ದಾಣದ ಹೆಸರಿದೆ. 2025ರ ಆಗಸ್ಟ್ 10ರಂದು ಪ್ರಧಾನಿಯವರು ಉದ್ಘಾಟಿಸಿದ ಹಳದಿ ಮಾರ್ಗದಲ್ಲಿ ನಾವು ಬರೀ ಹೆಬ್ಬಗೋಡಿಯಲ್ಲ, ‘ಬಯೋಕಾನ್ ಹೆಬ್ಬಗೋಡಿ’. ಆಚೆಗೆ ‘ಇನ್ಫೊಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’, ಈಚೆಗೆ ‘ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ’. ಹಣ ಕೊಟ್ಟಿದ್ದಾರೆ, ಹೆಸರು ಹಾಕಿಸಿಕೊಂಡಿದ್ದಾರೆ; ನ್ಯಾಯವೇ ಇರಬಹುದು. ಆದರೆ ಈ ಕಾರ್ಖಾನೆಗಳಿಗೆ ಜಮೀನು ಹೋದದ್ದು ಯಾರದು? ಅವರ ಹೆಸರು ಯಾವ ಕಂಬದ ಮೇಲಿದೆ? 2018ರಲ್ಲಿ ದೆಹಲಿಯ ಕೆಂಪುಕೋಟೆಯನ್ನೇ ಸಿಮೆಂಟ್ ಕಂಪನಿಗೆ ದತ್ತು ಕೊಟ್ಟ ದೇಶದಲ್ಲಿ ಒಂದು ಹಳ್ಳಿಯ ಹೆಸರಿಗೆ ಯಾರು ಅಳುತ್ತಾರೆ, ಬಿಡಿ. ಆದರೂ ಕೇಳಲು ಹಿತವೆನಿಸುವುದಿಲ್ಲ. ಊರಿನ ಹೆಸರು ಕಂಪನಿಗಿಂತ ಹಳೆಯದು.

ನಿಮಗೆ ಬೇಕಾಗಿದ್ದರೆ ಇಲ್ಲಿ ಬರೆಯಲು ಕಡಿಮೆಯಿತ್ತೇ? ಕೂಗಳತೆಯಲ್ಲಿ ಹುಸ್ಕೂರು ಮದ್ದೂರಮ್ಮನ ಜಾತ್ರೆ. ಸುತ್ತಲ ಹಳ್ಳಿಗಳವರು ಕುರ್ಜು ಎಂದು ಕರೆಯುವ ನೂರು ಅಡಿ ಮೀರಿದ ತೇರುಗಳನ್ನು ಕಟ್ಟಿ, ಎತ್ತು ಹೂಡಿ, ಈಗೀಗ ಟ್ರ್ಯಾಕ್ಟರ್ ಹೂಡಿ ಎಳೆದು ತರುತ್ತಾರೆ. ಇಂಥ ನೋಟ ಅಪರೂಪ. ನಿಮ್ಮ ಪುರವಣಿಯಲ್ಲಿ ಅದಕ್ಕೆ ಸಿಕ್ಕಿದ್ದು ಅಂಚೆಚೀಟಿಯ ಗಾತ್ರದ ಒಂದು ಫೋಟೊ. 2024ರ ಏಪ್ರಿಲಿನಲ್ಲಿ ಹೀಲಲಿಗೆಯ ಕುರ್ಜು ಉರುಳಿತು. 2025ರ ಮಾರ್ಚಿನಲ್ಲಿ ಗಾಳಿ ಮಳೆಗೆ ಕುರ್ಜು ಬಿದ್ದು ಜೀವಗಳೇ ಹೋದವು. ಆಗ ಎಲ್ಲ ಚಾನೆಲ್ಲುಗಳೂ ಓಡೋಡಿ ಬಂದವು. ಎತ್ತರಕ್ಕೆ ಮಿತಿ ಹಾಕುವುದು ಹೇಗೆ, ಜನರನ್ನು ಎಷ್ಟು ದೂರ ನಿಲ್ಲಿಸಬೇಕು, ಅಡ್ಡಬರುವ ವಿದ್ಯುತ್ ತಂತಿಗಳಿಗೆ ಏನು ಮಾಡಬೇಕು ಎಂದು ಆಮೇಲೆ ಕೂತು ಬರೆದವರು ಯಾರಾದರೂ ಇದ್ದಾರೆಯೇ? ಅದಕ್ಕೆ ಪ್ರಾಯೋಜಕರು ಸಿಗುವುದಿಲ್ಲವಲ್ಲ. ಇಲ್ಲೇ ಹತ್ತಿರದ ಬೇಗೂರಿನಲ್ಲಿ ಬೆಂಗಳೂರಿನ ಹೆಸರು ಹೊತ್ತ ಒಂಬತ್ತನೇ ಶತಮಾನದ ಶಾಸನವಿದೆ. ಅದೂ ನಿಮ್ಮ ವಿಶೇಷ ಪ್ರತಿನಿಧಿಯ ಕಣ್ಣಿಗೆ ಬೀಳಲಿಲ್ಲ. ಶಾಸನದ ಪಕ್ಕ ಈಜುಕೊಳ ಇಲ್ಲವೆಂದೋ ಏನೋ.

ನಿಜವಾದ ಪ್ರವಾಸಿಗಳು ಯಾರೆಂದು ತಿಳಿಯಬೇಕಾದರೆ ಶನಿವಾರ ಸಂಜೆ ಬೊಮ್ಮಸಂದ್ರದ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಬನ್ನಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಧರ್ಮಸ್ಥಳಕ್ಕೆ, ಕುಕ್ಕೆಗೆ, ಶೃಂಗೇರಿಗೆ ಕೆಂಪು ಬಸ್ಸು ಹತ್ತಿದ ಹೆಂಗಸರು ಇವರು. ಯಾವ ಮೇಳವೂ, ಯಾವ ಪುರವಣಿಯೂ ಇವರನ್ನು ಕರೆದಿರಲಿಲ್ಲ. ಸರ್ಕಾರ ಟಿಕೆಟ್ ದುಡ್ಡು ಬಿಟ್ಟಿತು, ರಾಜ್ಯ ನೋಡಲು ಹೊರಟರು. ಇವರಿಗೆ ಬೇಕಿರುವುದು ಬೀಗ ಹಾಕಿರದ ಶೌಚಾಲಯ, ಕುಡಿಯುವ ನೀರು, ಕನ್ನಡದಲ್ಲಿ ಬರೆದ ನಾಲ್ಕು ಬೋರ್ಡು. 2008ರಲ್ಲಿ ಶುರುವಾಗಿ, ನಿಂತು, 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟ ಸುವರ್ಣ ರಥ ರೈಲಿನ ಟಿಕೆಟ್ ಲಕ್ಷಗಳ ಲೆಕ್ಕದ್ದು. ಅದರ ಬಗ್ಗೆ ಬರೆಯಲು ನಿಮ್ಮಲ್ಲಿ ಪುಟಗಳಿವೆ, ಕೆಂಪು ಬಸ್ಸಿಗಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಮುತ್ಯಾಲಮಡುವಿನ ಬಗ್ಗೆ ತಪ್ಪೊಪ್ಪಿಗೆಯನ್ನು ಅದೇ ಪುರವಣಿಯ ಅದೇ ಜಾಗದಲ್ಲಿ ಪ್ರಕಟಿಸಿ, ಒಳಪುಟದ ಮೂಲೆಯಲ್ಲಲ್ಲ. ಇನ್ನು ಮುಂದೆ ದುಡ್ಡು ಪಡೆದು ಹಾಕುವ ಪುಟದ ನೆತ್ತಿಯ ಮೇಲೆ, ಶೀರ್ಷಿಕೆಯಷ್ಟೇ ದಪ್ಪ ಅಕ್ಷರದಲ್ಲಿ ‘ಜಾಹೀರಾತು’ ಎಂದು ಅಚ್ಚು ಹಾಕಿ. ಪ್ರವಾಸೋದ್ಯಮ ಇಲಾಖೆಯವರಿಗೂ ಒಂದು ಮಾತು: ಮುಂದಿನ ಮೇಳಕ್ಕೆ ಶಾಮಿಯಾನ ಹಾಕುವ ಮೊದಲು, ಮಳೆಗಾಲದ ಭಾನುವಾರಗಳಲ್ಲಾದರೂ ಬೊಮ್ಮಸಂದ್ರ ನಿಲ್ದಾಣದಿಂದ ಆನೇಕಲ್ ದಾಟಿ ಮುತ್ಯಾಲಮಡುವಿನವರೆಗೆ ಒಂದು ಬಸ್ಸು ಬಿಡಿಸಿ. ಆಗ ಅಲ್ಲಿ ನೀರೂ ಇರುತ್ತದೆ.

ನಿಮ್ಮ ಹಳೆಯ ಓದುಗ,
ಹೆಬ್ಬಗೋಡಿ, ಆನೇಕಲ್ ತಾಲ್ಲೂಕು