ಕತ್ತಿಯೂ ಬೇಕು, ಮಂತ್ರವೂ ಬೇಕು!



ಎರಡು ದೋಣಿಯಲ್ಲಿ ಕಾಲಿಟ್ಟವನು ನೀರುಪಾಲು ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಈ ಗಾದೆಯನ್ನು ಈಚೆಗೆ ನಮ್ಮ ಹಿರಿಯರೊಬ್ಬರು ಒಂದು ಆಟದ ಮೇಲೆ ಪ್ರಯೋಗಿಸಿದರು. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಹೈಸ್ಕೂಲು, ಕಾಲೇಜು ಓದುವ ನಮ್ಮ ಕೆಲವು ಮಕ್ಕಳು ಭಾನುವಾರ ಮೇಜಿನ ಸುತ್ತ ಕುಳಿತು ಇದನ್ನು ಆಡುತ್ತಾರೆ. ಕತ್ತಿಯನ್ನೂ ಮಂತ್ರವನ್ನೂ ಬಲ್ಲ ಪಾತ್ರಗಳಲ್ಲಿ ಯಾವುದು ಮೇಲು ಎಂಬುದೇ ಅವರ ದೊಡ್ಡ ಜಗಳ. ಹಿರಿಯರು ಅದನ್ನು ಕೇಳಿಸಿಕೊಂಡು, “ಹೊಡೆಯುವವನು ಹೊಡೆಯಲಿ, ಜಪಿಸುವವನು ಜಪಿಸಲಿ. ಎರಡೂ ಮಾಡಹೊರಟವನು ಎಡಬಿಡಂಗಿ” ಎಂದು ತೀರ್ಪು ಕೊಟ್ಟರು. ಸುತ್ತಲಿದ್ದವರು ತಲೆದೂಗಿದರು. ಈ ತೀರ್ಪಿಗೆ ನನ್ನ ವಿರೋಧವಿದೆ. ಆಟಕ್ಕೂ ಅದು ಸಲ್ಲದು, ಮದರಾಸಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಂತೂ ಸಲ್ಲವೇ ಸಲ್ಲದು.

ಆಟ ಅರಿಯದವರಿಗಾಗಿ ಎರಡು ಮಾತು. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯವರು ತಾಳಮದ್ದಳೆಯನ್ನು ನೆನೆದುಕೊಂಡರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಭಾಗವತರು ಪ್ರಸಂಗ ನಡೆಸುತ್ತಾರೆ. ಇಲ್ಲಿಯೂ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗಿ ಮಾತಾಡುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಮಾತ್ರ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಪ್ರತಿ ಪಾತ್ರಕ್ಕೂ ಒಂದು ವರ್ಗ: ಯೋಧ, ಮಾಂತ್ರಿಕ, ಹೀಗೆ. ಅನುಭವ ಸಂಪಾದಿಸಿದಂತೆಲ್ಲ ಹಂತದಿಂದ ಹಂತಕ್ಕೆ ಬಡ್ತಿ.

ಎರಡೂ ವಿದ್ಯೆ ಬೇಕೆನ್ನುವವನ ಸಮಸ್ಯೆ ಮೊದಲ ಪುಸ್ತಕದಿಂದಲೇ ಇತ್ತು. 1974ರ ನಿಯಮದಲ್ಲಿ ‘ಎಲ್ಫ್’ ಎಂಬ ಜಾತಿಯವನು ಒಂದು ಸಾಹಸದಲ್ಲಿ ಯೋಧನಾಗಬಹುದು, ಮುಂದಿನದರಲ್ಲಿ ಮಾಂತ್ರಿಕನಾಗಬಹುದು. ಒಂದೇ ಸಾಹಸದ ನಡುವೆ ಬದಲಾಯಿಸುವಂತಿಲ್ಲ. ಅಂದರೆ ಬೆಳಿಗ್ಗೆ ಒಂದು ಕಚೇರಿ, ಸಂಜೆ ಇನ್ನೊಂದು! 1981ರ ಪುಸ್ತಕದಲ್ಲಿ ಎಲ್ಫ್ ಎಂಬುದೇ ಒಂದು ವರ್ಗವಾಯಿತು; ಕವಚ ತೊಟ್ಟೇ ಮಂತ್ರ ಹೇಳಬಹುದಾಯಿತು. ಆದರೆ ಬೆಲೆ ನೋಡಿ. ಎರಡನೇ ಹಂತಕ್ಕೇರಲು ಯೋಧನಿಗೆ 2,000 ಅಂಕ ಸಾಕು, ಮಾಂತ್ರಿಕನಿಗೆ 2,500, ಎಲ್ಫ್‌ಗೆ 4,000. ಎರಡನ್ನೂ ಕೂಡಿದರೆ 4,500. ಐನೂರು ಅಂಕದ ರಿಯಾಯಿತಿ ಕೊಟ್ಟು ಉಳಿದದ್ದನ್ನೆಲ್ಲ ವಸೂಲು ಮಾಡಿದ್ದಾರೆ! ಗುಮಾಸ್ತನಾದ ನನಗೆ ಈ ಲೆಕ್ಕ ಒಪ್ಪಿಗೆ. ಎರಡು ವಿದ್ಯೆ ಬೇಕಾದವನು ಎರಡರ ಶ್ರಮವನ್ನೂ ಪಡಬೇಕು.

ಹಾಗಾದರೆ ಈ ಪಾತ್ರಗಳನ್ನು ಅಳೆಯುವುದು ಹೇಗೆ? ಕತ್ತಿ ಎಷ್ಟು ಪಾಲು, ಮಂತ್ರ ಎಷ್ಟು ಪಾಲು ಎಂದು ತೂಗುವುದು ಹುಡುಗರ ಪದ್ಧತಿ. ಅದು ಸಾಲದು. ವಿಜ್ಞಾನ ಓದಿದವರೆಲ್ಲ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಪುಡಿಗೆ ಗಂಧಕ ಬೆರೆಸಿದ್ದೇವೆ. ಬರಿದೇ ಬೆರೆಸಿದರೆ ಅದು ಮಿಶ್ರಣ. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ, ಗಂಧಕ ಉಳಿಯುತ್ತದೆ. ಚೆನ್ನಾಗಿ ಕಾಯಿಸಿದರೆ ಎರಡೂ ಸೇರಿ ಹೊಸತೊಂದು ವಸ್ತುವಾಗುತ್ತದೆ. ಆಗ ಅಯಸ್ಕಾಂತದ ಆಟ ನಡೆಯದು. ಅದು ಸಂಯುಕ್ತ. ನಾನು ಕೇಳುವ ಪ್ರಶ್ನೆಯೂ ಇದೇ: ಈ ಪಾತ್ರದಲ್ಲಿ ಕತ್ತಿ ಮತ್ತು ಮಂತ್ರ ಬರಿದೇ ಬೆರೆತಿವೆಯೋ, ಒಂದೇ ಏಟಿನಲ್ಲಿ ಕೂಡಿವೆಯೋ?

ಈ ಒರೆಗಲ್ಲಿಗೆ ಮೊದಲು ‘ಎಲ್ಡ್ರಿಚ್ ನೈಟ್’ ಬರಲಿ. 2014ರ ಪುಸ್ತಕದ ಈತ ಮೂಲತಃ ಯೋಧ. ಮೂರನೇ ಹಂತದಿಂದ ಸ್ವಲ್ಪ ಮಂತ್ರ ಕಲಿಯುತ್ತಾನೆ. ಒಂಬತ್ತು ಶ್ರೇಣಿಯ ಮಂತ್ರಗಳಲ್ಲಿ ನಾಲ್ಕನೆಯದೇ ಈತನ ಗಡಿ, ಅದೂ 19ನೇ ಹಂತದಲ್ಲಿ. ಮಾಂತ್ರಿಕ ಅದನ್ನು 7ನೇ ಹಂತದಲ್ಲೇ ಕಲಿತಿರುತ್ತಾನೆ. ನಿವೃತ್ತಿಯ ಅಂಚಿನಲ್ಲಿ ಬಂದ ಬಡ್ತಿಯ ಹಾಗೆ! ಇನ್ನೂ ತಮಾಷೆ ಕೇಳಿ. 7ನೇ ಹಂತದಲ್ಲಿ ಈತ ಒಂದು ಕಿರುಮಂತ್ರ ಹೇಳಿ ಜೊತೆಗೆ ಕತ್ತಿಯಿಂದ ಒಂದು ಏಟು ಹೊಡೆಯಬಹುದು. ಆದರೆ 11ನೇ ಹಂತದಲ್ಲಿ ಈತನ ಕತ್ತಿಗೆ ಮೂರು ಏಟಿನ ಶಕ್ತಿ ಬರುತ್ತದೆ. ಕಿರುಮಂತ್ರ ಹೇಳಿದರೆ ಮಾತ್ರ ಮೊದಲಿನಂತೆ ಒಂದೇ ಏಟು. ಯೋಧನಾಗಿ ಬೆಳೆದಷ್ಟೂ ಕೂಡಿಸುವ ವಿದ್ಯೆ ಕೆಲಸಕ್ಕೆ ಬಾರದಾಗುತ್ತದೆ. ಇದು ಶುದ್ಧ ಮಿಶ್ರಣ. ಅಯಸ್ಕಾಂತ ಹಿಡಿಯುವ ಕೆಲಸವನ್ನು ನಿಯಮವೇ ಮಾಡುತ್ತದೆ.

ಎರಡನೆಯದು 2017ರ ‘ಹೆಕ್ಸ್‌ಬ್ಲೇಡ್’. ಯೋಧನಿಗೆ ತೋಳ್ಬಲ ಬೇಕು, ಮಾಂತ್ರಿಕನಿಗೆ ಬೇರೆ ಗುಣ ಬೇಕು. ಎರಡನ್ನೂ ಬೆಳೆಸುವುದು ಕಷ್ಟ. ಈತ ಒಂದು ನಿಗೂಢ ಶಕ್ತಿಯೊಡನೆ ಒಪ್ಪಂದ ಮಾಡಿಕೊಂಡು, ಮಂತ್ರದ ಗುಣದಿಂದಲೇ ಕತ್ತಿಯನ್ನೂ ಬೀಸುತ್ತಾನೆ. ಚತುರ ಉಪಾಯವೇ ಸರಿ. ಆದರೆ ಈ ಸೌಲಭ್ಯ ಮೊದಲ ಹಂತದಲ್ಲೇ ಕೈಗೆ ಬಂತಾಗಿ, ಬಹಳ ಆಟಗಾರರು ಒಂದೇ ಹಂತ ಹತ್ತಿ, ಲಾಭ ಜೇಬಿಗಿಳಿಸಿ, ಬೇರೆ ವರ್ಗಕ್ಕೆ ಓಡತೊಡಗಿದರು. ಇದಕ್ಕೆ ವಿದ್ಯೆ ಎನ್ನುವುದೋ, ಶಿಫಾರಸು ಎನ್ನುವುದೋ?

ಇನ್ನು ನನ್ನ ಪಕ್ಷದ ಇಬ್ಬರು. ‘ಪಾತ್‌ಫೈಂಡರ್’ ಎಂಬ ಸೋದರ ಆಟದಲ್ಲಿ 2011ರಲ್ಲಿ ಬಂದ ‘ಮೇಗಸ್’ ತನ್ನ ಮಂತ್ರವನ್ನು ಕತ್ತಿಯ ಅಲಗಿಗೇ ಏರಿಸುತ್ತಾನೆ. ಏಟು ತಾಗಿದರೆ ಕಬ್ಬಿಣದ ಗಾಯ, ಮಂತ್ರದ ಗಾಯ ಎರಡೂ ಒಟ್ಟಿಗೆ. ‘ಬ್ಲೇಡ್‌ಸಿಂಗರ್’ನ 2020ರ ಪರಿಷ್ಕೃತ ನಿಯಮದಲ್ಲಿ, ಆರನೇ ಹಂತದಿಂದ ಎರಡು ಏಟಿನ ಪೈಕಿ ಒಂದರ ಜಾಗದಲ್ಲಿ ಕಿರುಮಂತ್ರ ಹೇಳಬಹುದು; ಇನ್ನೊಂದು ಏಟು ಹಾಗೇ ಉಳಿಯುತ್ತದೆ. ಇಬ್ಬರೂ ಬೆಲೆ ತೆತ್ತಿದ್ದಾರೆ. ಮೇಗಸ್‌ಗೆ ಆರನೇ ಶ್ರೇಣಿಯಾಚೆ ಮಂತ್ರವಿಲ್ಲ. ಬ್ಲೇಡ್‌ಸಿಂಗರ್‌ಗೆ ಆ ವಿದ್ಯೆ ನಡೆಯುವಷ್ಟು ಹೊತ್ತು ಗುರಾಣಿಯಿಲ್ಲ, ಭಾರಿ ಕವಚವಿಲ್ಲ. ಯೋಧನ ಜೀವಬಲಕ್ಕೆ ಹತ್ತು ಮುಖದ ದಾಳವಾದರೆ ಈತನದಕ್ಕೆ ಆರು ಮುಖದ್ದು. ಕಡೆಗೆ 2024ರ ಪುಸ್ತಕದಲ್ಲಿ ಎಲ್ಡ್ರಿಚ್ ನೈಟ್‌ಗೂ ಒಂದು ಏಟಿನ ಬದಲಿಗೆ ಕಿರುಮಂತ್ರ ಹೇಳುವ ಅನುಮತಿ ಸಿಕ್ಕಿತು. ಆಟ ಮಾಡಿದವರೇ ಮಿಶ್ರಣವನ್ನು ಬಿಟ್ಟು ಸಂಯುಕ್ತದ ಕಡೆ ನಡೆದ ಮೇಲೆ ಇನ್ನೇನು ಸಾಕ್ಷಿ ಬೇಕು?

ಈ ತತ್ತ್ವ ಕಲಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಬಾಣವನ್ನು ಮಂತ್ರಿಸಿ ಬಿಟ್ಟರೆ ಅದು ಅಸ್ತ್ರ. ಬಿಲ್ಲು ಬಗ್ಗಿಸುವ ತೋಳು, ಮಂತ್ರ ತಪ್ಪದ ನಾಲಿಗೆ, ಎರಡೂ ಒಂದೇ ಕ್ಷಣದಲ್ಲಿ ದುಡಿಯಬೇಕು. ದ್ರೋಣ ಭರದ್ವಾಜರ ಮಗ, ವೇದ ಓದಿದವನು; ಪರಶುರಾಮನಿಂದ ಅಸ್ತ್ರ ಪಡೆದವನು. ಆತನನ್ನು ಎಡಬಿಡಂಗಿ ಎನ್ನುವ ಧೈರ್ಯ ಯಾರಿಗಿದೆ? ಪರಶುರಾಮನ ಶಾಪದಿಂದ ಕರ್ಣ ಕಡೆಗಾಲದಲ್ಲಿ ಬ್ರಹ್ಮಾಸ್ತ್ರದ ಮಂತ್ರ ಮರೆತ. ಆತನ ತೋಳು ಎಂದಿನಂತೆಯೇ ಇತ್ತು. ಆದರೂ ಅಸ್ತ್ರ ಹೋಯಿತು. ಸಂಯುಕ್ತದಲ್ಲಿ ಒಂದು ಪಾಲು ಕಳಚಿದರೆ ಇನ್ನೊಂದು ಪಾಲು ಅದರ ಕೆಲಸ ಮಾಡಲಾರದು. ಅಶ್ವತ್ಥಾಮನದು ಇನ್ನೊಂದು ಪಾಠ. ಒಂದು ಹುಲ್ಲುಕಡ್ಡಿಯನ್ನು ಮಂತ್ರಿಸಿ ಬಿಡಲು ಆತನಿಗೆ ಗೊತ್ತಿತ್ತು, ಹಿಂತೆಗೆಯಲು ಗೊತ್ತಿರಲಿಲ್ಲ. ಅರ್ಜುನ ಎರಡನ್ನೂ ಬಲ್ಲವನಾಗಿದ್ದ. ಅರೆಕಲಿತ ವಿದ್ಯೆ ಅಪಾಯವೆಂಬುದು ನಿಜ. ಅದಕ್ಕೆ ಮದ್ದು ಪೂರ್ತಿ ಕಲಿಯುವುದೇ ಹೊರತು ಒಂದನ್ನು ಬಿಡುವುದಲ್ಲ.

ಪುರಾಣ ಬೇಡವೆನ್ನುವವರು ಚರಿತ್ರೆ ನೋಡಲಿ. ಪಂಪನನ್ನು ನಾವು ಕವಿಯೂ ಹೌದು, ಕಲಿಯೂ ಹೌದು ಎಂದು ಕೊಂಡಾಡುತ್ತೇವೆ. ಗಂಗರ ದಂಡನಾಯಕ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದ.

ಆಟದ ಜಗಳಕ್ಕೆ ಇಷ್ಟು ಕಾಗದ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಬೇಕಿತ್ತು. ಏಕೆಂದರೆ ಇದೇ ಗಾದೆಯನ್ನು ನಾವು ಮನೆಯಲ್ಲಿ ಬೇರೊಂದು ವಿಷಯಕ್ಕೆ ದಿನವೂ ಹೇಳುತ್ತಿದ್ದೇವೆ. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ಇಲ್ಲಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಇಂಗ್ಲಿಷ್ ಅನ್ನದ ದಾರಿ. ಇವೆರಡರ ಮೇಲೆ ಕನ್ನಡದ ಹೊರೆ ಏಕೆ, ಮಗು ಎಲ್ಲಿಯೂ ಸಲ್ಲದಂತಾದೀತು ಎಂದು ಎಷ್ಟು ತಾಯಿತಂದೆಯರು ಕನ್ನಡದ ಕಾಗುಣಿತವನ್ನೇ ಕಟ್ಟಿಟ್ಟಿಲ್ಲ! ಅಂಗಡಿಯಲ್ಲಿ ತಮಿಳು, ಅಜ್ಜಿಯ ಹತ್ತಿರ ಮಾತ್ರ ಕನ್ನಡ ಎಂಬುದು 1974ರ ಎಲ್ಫ್‌ನ ಬಾಳು. ಅದು ಮಿಶ್ರಣವೆಂದು ನಾನೂ ಒಪ್ಪುತ್ತೇನೆ. ಆದರೆ ತಿರುಕ್ಕುರಳ್ ಓದಿದ ಹುಡುಗಿ ಅದರ ಪಕ್ಕದಲ್ಲೇ ಸರ್ವಜ್ಞನ ತ್ರಿಪದಿಯೊಂದನ್ನಿಟ್ಟು ತನ್ನ ತಮಿಳು ಗೆಳತಿಗೆ ಅರ್ಥ ಹೇಳಿದರೆ? ಅದು ಅಸ್ತ್ರ. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್, ಇಲ್ಲಿ ಅಯನಾವರದಲ್ಲಿ ಸರ್ವಜ್ಞ ಪ್ರತಿಮೆಯಾಗಿ ನಿಂತರು. ಕಲ್ಲುಕಂಚಿನಲ್ಲಿ ಆದದ್ದು ಮಕ್ಕಳ ನಾಲಿಗೆಯಲ್ಲಿ ಏಕೆ ಆಗಬಾರದು?

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಈ ಮಕ್ಕಳನ್ನು ಎಡಬಿಡಂಗಿಗಳೆಂದು ಜರೆದು ಓಡಿಸಬೇಡಿ. ಭಾನುವಾರ ಸಂಜೆ ಸಂಘದ ಕೊಠಡಿಯಲ್ಲಿ ಅವರಿಗೊಂದು ಮೇಜು, ಆರು ಕುರ್ಚಿ ಕೊಡಿ. ಕಥೆ ನಡೆಸುವವನು ಕನ್ನಡದಲ್ಲೇ ನಡೆಸಬೇಕು, ಪಾತ್ರಗಳು ಕನ್ನಡದಲ್ಲೇ ಮಾತಾಡಬೇಕು ಎಂಬ ಒಂದೇ ಷರತ್ತು ಹಾಕಿ. ತಾಳಮದ್ದಳೆ ಬಲ್ಲ ಹಿರಿಯರು ಪಕ್ಕದಲ್ಲಿ ಕುಳಿತು ಮಾತಿಗೆ ಮಾತು ಕೊಡುವುದನ್ನು ಕಲಿಸಲಿ. ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ವಿರೋಧವಿರುವವರು ಇದೇ ಪತ್ರಿಕೆಯಲ್ಲಿ ಬರೆಯಲಿ; ಉತ್ತರ ಕೊಡಲು ನಾನು ಸಿದ್ಧನಿದ್ದೇನೆ.