ಲಕ್ವ ಹೊಡೆದ ಮೇಲೆ ಲಕ್ಷ, ಅದಕ್ಕೆ ಮೊದಲು ಮಾತ್ರೆಗೆ ಅಲೆದಾಟ



ಬಿ.ಪಿ. ಎಂದರೆ ಕೂತು ಉಣ್ಣುವವರ ಕಾಯಿಲೆ, ಮೈಮುರಿದು ದುಡಿಯುವವರಿಗೆ ಅದು ಬರುವುದಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಇದು ಸುಳ್ಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ವಯಸ್ಕ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ರಕ್ತದ ಒತ್ತಡದ ತೊಂದರೆಯಿದೆ. ಇವರೆಲ್ಲ ಸಾಹುಕಾರರೇ? ರೋಗ ಎಲ್ಲರಿಗೂ ಬರುತ್ತದೆ. ಚಿಕಿತ್ಸೆ ಮಾತ್ರ ಎಲ್ಲರಿಗೂ ಸಿಗುವುದಿಲ್ಲ.

ಈ ಸಲ ನಾವು ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕನ್ನಡ ಬಂಧುಗಳ ಮಾತನ್ನು ಎತ್ತುತ್ತೇವೆ. ಅವರೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ‘ಪಾಲಮೂರು ಲೇಬರ್’ ಎಂಬ ಹೆಸರಿನಲ್ಲಿ ಆ ಸೀಮೆಯ ಜನ ಗುಳೆ ಹೋಗಿ, ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತರು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲ್ಲೂಕು ಆಂಧ್ರದ ಪಾಲಾಯಿತು, ಇಂದು ತೆಲಂಗಾಣದಲ್ಲಿದೆ. ಮಕ್ತಲಿನವರು ಕೃಷ್ಣೆ ದಾಟಿದರೆ ರಾಯಚೂರು. ಆದರೆ ಅಲ್ಲಿ ಬೇರೆ ಸರ್ಕಾರ, ಬೇರೆ ಕಾರ್ಡು.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2007ರಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ಮಹಬೂಬನಗರವೂ ಒಂದು. ಆಗ ಈ ಮೂರೂ ಊರುಗಳು ಆ ಜಿಲ್ಲೆಗೇ ಸೇರಿದ್ದವು. 2017ರಲ್ಲಿ ಹೊರಟ ರಾಷ್ಟ್ರೀಯ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಐದು ರಾಜ್ಯಗಳಲ್ಲಿ ತೆಲಂಗಾಣವೂ ಇತ್ತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆಗೆ ದುಡ್ಡಿಲ್ಲ. ಹಾಗಾದರೆ ತಪ್ಪೆಲ್ಲಿ?

ಆರೋಗ್ಯಶ್ರೀ ಇರುವುದು ಮುಖ್ಯವಾಗಿ ಆಸ್ಪತ್ರೆ ಸೇರಿದವರ ದೊಡ್ಡ ಚಿಕಿತ್ಸೆಗೆ. ಬಿ.ಪಿ.ಗೆ ಬೇಕಾದದ್ದು ಸಣ್ಣ ಮಾತ್ರೆ. ಆದರೆ ದಿನವೂ, ತಪ್ಪದೆ, ಬಹುಮಟ್ಟಿಗೆ ಜೀವಮಾನವಿಡೀ. ಅದಕ್ಕಾಗಿ ಮತ್ತೆ ಮತ್ತೆ ಕೇಂದ್ರಕ್ಕೆ ಹೋಗಬೇಕು. ತಿಂಗಳ ಸಂಬಳದವನಿಗೆ ಅದು ಅರ್ಧ ದಿನದ ರಜೆ; ಕೂಲಿಯವಳಿಗೆ ಒಂದು ದಿನದ ಅನ್ನ. ಗುಳೆ ಹೋದವನ ಹೆಸರು ಊರಿನ ರಿಜಿಸ್ಟರಿನಲ್ಲಿ, ದೇಹ ದೂರದ ಕೆಲಸದಲ್ಲಿ. ಮಾತ್ರೆ ಮುಗಿಯುತ್ತದೆ. ಮೈಗೆ ನೋವಿಲ್ಲ, ವಾಸಿಯಾಯಿತೆಂದು ಸುಮ್ಮನಾಗುತ್ತಾನೆ. ನೋವಿಲ್ಲದೆ ಬೆಳೆಯುವುದೇ ಈ ರೋಗದ ಮೋಸ. ಒಂದು ದಿನ ಲಕ್ವ ಹೊಡೆಯುತ್ತದೆ, ಇಲ್ಲವೆ ಮೂತ್ರಪಿಂಡ ಕೆಡುತ್ತದೆ. ಆಗ ಲಕ್ಷ ರೂಪಾಯಿಯ ಕಾರ್ಡು ಕೆಲಸಕ್ಕೆ ಬರಬಹುದು. ದುಡಿಯುವ ಕೈ ಮೊದಲಿನಂತಾಗುತ್ತದೆಯೇ?

ಇದರ ಮೇಲೆ ಉಪದೇಶ ಬೇರೆ: ಉಪ್ಪು ಕಡಿಮೆ ಮಾಡಿ, ಹಣ್ಣು ತಿನ್ನಿ, ವಿಶ್ರಾಂತಿ ತೆಗೆದುಕೊಳ್ಳಿ. ಮಾತು ಸರಿಯೇ. ಆದರೆ ಉಪ್ಪು ಖಾರ ನೆಂಚಿಕೊಂಡು ರೊಟ್ಟಿ ತಿನ್ನುವವಳಿಗೆ ಹಣ್ಣು ಕೊಳ್ಳುವಷ್ಟು ಕೂಲಿ ಕೊಟ್ಟವರ್ಯಾರು? ವಿಶ್ರಾಂತಿ ಕೊಡುವ ಮೇಸ್ತ್ರಿ ಎಲ್ಲಿದ್ದಾನೆ?

ನಮ್ಮ ಸಭೆಗಳೂ ನಿರ್ದೋಷಿಗಳಲ್ಲ. ನಂಬಿಕೆಯಿದ್ದರೆ ಮಾತ್ರೆ ಬಿಡು ಎನ್ನುವ ಬೋಧಕರು ಇದ್ದಾರೆ. ಅವರಿಗೆ ನಾವು ಒಳ್ಳೆಯ ಸಮಾರ್ಯದವನನ್ನು ನೆನಪಿಸುತ್ತೇವೆ. ಅವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿ ಅಷ್ಟಕ್ಕೇ ಬಿಡಲಿಲ್ಲ. ಛತ್ರಕ್ಕೆ ಸೇರಿಸಿದ, ಹಣ ಕೊಟ್ಟ, ಹೆಚ್ಚಿನ ಖರ್ಚನ್ನು ತಿರುಗಿ ಬಂದಾಗ ತೀರಿಸುವೆನೆಂದ. ಪ್ರಾರ್ಥನೆಯೂ ಇರಲಿ, ತಿರುಗಿ ಬಂದು ನೋಡುವ ಆರೈಕೆಯೂ ಇರಲಿ.

ಆದ್ದರಿಂದ ನಾವು ಕೇಳುತ್ತೇವೆ: ಗುಳೆ ಹೊರಡುವವರಿಗೆ ಕೆಲವು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಒಂದು ರಾಜ್ಯದ ಚೀಟಿ ತೋರಿಸಿದರೆ ಇನ್ನೊಂದು ರಾಜ್ಯದ ಕೇಂದ್ರದಲ್ಲೂ ಮಾತ್ರೆ ಸಿಗಲಿ. ಕೆಲಸ ಬಿಟ್ಟ ಮೇಲೆ ಸಂಜೆ ಹೊತ್ತು ಕೇಂದ್ರ ತೆರೆದಿರಲಿ. ಕನ್ನಡದವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ. ಕೆಲಸದ ಜಾಗದಲ್ಲಿ ಬಿ.ಪಿ. ನೋಡಿಸುವ ಹೊಣೆಯನ್ನು ಗುತ್ತಿಗೆದಾರ ಹೊರಲಿ. ತೋಟದ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯ ಸೌಕರ್ಯ ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಶನ್ ಕಾಯಿದೆ ಬರೆದಿಟ್ಟಿತು. ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆಯೆಂದು ಆ ಹೊಣೆ ಜಾರಿಹೋಗಲು ನಾವು ಬಿಡಬಾರದು. ಅದೇ ಹೊಣೆಯನ್ನು ಪಾಲಮೂರಿನ ಕೂಲಿಯವರಿಗೂ ಕೇಳಬೇಕು.

ಅಲ್ಲಿಯವರೆಗೆ, ಬಂಧುಗಳೇ, ಮೂವತ್ತು ದಾಟಿದವರೆಲ್ಲ ಬಿ.ಪಿ. ನೋಡಿಸಿಕೊಳ್ಳಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಿರಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಲೈನಿನಲ್ಲಿ ಯಾರದಾದರೂ ಮಾತ್ರೆ ಮುಗಿದಿದ್ದರೆ, ಕೇಂದ್ರಕ್ಕೆ ಹೋಗುವವರು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ನಾವು ಬೇಡುತ್ತಿರುವುದು ಭಿಕ್ಷೆಯಲ್ಲ, ದುಡಿದವರ ಹಕ್ಕು.